ಸಿ ಭಾಷೆಯ ಫಂಕ್ಷನ್: ಕರೆದಾಗ ಒಳಗೆ ಏನಾಗುತ್ತದೆ?

ಎಂಜಿನಿಯರಿಂಗ್ ಆಗಲಿ, ಡಿಪ್ಲೊಮಾ ಆಗಲಿ, ಬಿಸಿಎ ಆಗಲಿ, ಸೇರಿದ ಹೊಸದರಲ್ಲೇ ಸಿ ಪ್ರೋಗ್ರಾಮಿಂಗ್ ಎದುರಾಗುವುದು ಮಾಮೂಲಿ. ಮೊದಲ ಕೆಲವು ವಾರ ಅಂಥ ತೊಂದರೆ ಏನಿಲ್ಲ. ವೇರಿಯಬಲ್, ಇಫ್, ಫಾರ್ ಲೂಪ್ ಹೇಗೋ ತಲೆಗೆ ಹತ್ತುತ್ತವೆ. ಫಂಕ್ಷನ್ ಪಾಠ ಬಂತು ನೋಡಿ, ಅಲ್ಲಿಂದ ಉರು ಹೊಡೆಯುವುದು ಶುರು. ಕೀಬೋರ್ಡಿನಿಂದ ಓದುವ ಸ್ಕ್ಯಾನ್‌ಎಫ್‌ನಲ್ಲಿ & ಹಾಕಬೇಕು, ಪರದೆಗೆ ಅಚ್ಚು ಮಾಡುವ ಪ್ರಿಂಟ್‌ಎಫ್‌ನಲ್ಲಿ ಹಾಕಬಾರದು. ಯಾಕೆ? ಗೊತ್ತಿಲ್ಲ, ಹಾಕಬೇಕು ಅಷ್ಟೇ. ಎರಡು ಸಂಖ್ಯೆ ಅದಲುಬದಲು ಮಾಡುವ ಫಂಕ್ಷನ್ ಬರೆದರೆ ಏನೂ ಬದಲಾಗುವುದಿಲ್ಲ. ಯಾಕೆ? ಅದೂ ಗೊತ್ತಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಇನ್ನೂ ಕಷ್ಟ. ಪುಸ್ತಕದ ಇಂಗ್ಲಿಷ್ ಬಿಡಿಸಿಕೊಳ್ಳುವಷ್ಟರಲ್ಲಿ ವಿಷಯ ಕೈತಪ್ಪಿ ಹೋಗುತ್ತದೆ. ಆದರೆ ಇಲ್ಲಿ ಜಾಣತನದ ಕೊರತೆ ಇಲ್ಲ. ಫಂಕ್ಷನ್ ಬಗ್ಗೆ ಏಳುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಒಂದೇ ಜಾಗದಲ್ಲಿದೆ: ಫಂಕ್ಷನ್ ಕರೆದ ಕೂಡಲೇ ಮೆಮೊರಿಯಲ್ಲಿ ಏನು ನಡೆಯುತ್ತದೆ ಅನ್ನುವುದರಲ್ಲಿ. ಅದನ್ನು ನಿಧಾನವಾಗಿ ನೋಡೋಣ.

ಓದುವುದಕ್ಕೆ ಅನುಕೂಲವಾಗಲಿ ಎಂದು ಪ್ರೋಗ್ರಾಂ ಸಾಲುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಟ್, ಇಫ್, ರಿಟರ್ನ್ ಅಂಥ ಭಾಷೆಯ ಪದಗಳನ್ನೂ ಪ್ರಿಂಟ್‌ಎಫ್ ಥರದ ಮೊದಲೇ ಇರುವ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ನಾವೇ ಇಡುವ ಹೆಸರುಗಳ ವಿಷಯ ಬೇರೆ. ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವುದು ಕಂಪೈಲರ್. ಜಿಸಿಸಿ ಎಂಬ ಕಂಪೈಲರ್‌ನ 2020ರಲ್ಲಿ ಬಂದ 10ನೇ ಆವೃತ್ತಿಯಿಂದ ಫಂಕ್ಷನ್ನಿಗೆ, ವೇರಿಯಬಲ್ಲಿಗೆ ಕನ್ನಡ ಲಿಪಿಯ ಹೆಸರನ್ನೂ ಇಡಬಹುದು.

## ಹೆಸರಿಟ್ಟ ಕೆಲಸ

ಒಂದು ಕೆಲಸಕ್ಕೆ ಬೇಕಾದ ಸಾಲುಗಳನ್ನೆಲ್ಲ ಒಂದು ಕಡೆ ಸೇರಿಸಿ, ಬ್ರೇಸ್ ಒಳಗಿಟ್ಟು, ಅದಕ್ಕೊಂದು ಹೆಸರು ಕೊಟ್ಟರೆ ಅದೇ ಫಂಕ್ಷನ್. ಆಮೇಲೆ ಆ ಕೆಲಸ ಬೇಕಾದಾಗಲೆಲ್ಲ ಹೆಸರು ಹೇಳಿ ಕರೆದರೆ ಸಾಕು.

ಈ ಯೋಚನೆ ಸಿ ಭಾಷೆಗಿಂತ ಹಳೆಯದು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಎಡ್ಸ್ಯಾಕ್ ಎಂಬ ಕಂಪ್ಯೂಟರ್ ಓಡಲು ಶುರುವಾಯಿತು. ವರ್ಗಮೂಲ ತೆಗೆಯುವುದು, ಸಂಖ್ಯೆ ಅಚ್ಚು ಮಾಡುವುದು, ಇಂಥ ಕೆಲಸ ಎಲ್ಲ ಪ್ರೋಗ್ರಾಮಿನಲ್ಲೂ ಮತ್ತೆ ಮತ್ತೆ ಬರುತ್ತಿತ್ತು. ಹಾಗಾಗಿ ಅಲ್ಲಿನವರು ಅವನ್ನು ಒಮ್ಮೆ ಬರೆದು, ತೂತು ಹೊಡೆದ ಕಾಗದದ ಟೇಪ್‌ಗಳಲ್ಲಿ ಇಟ್ಟುಕೊಂಡರು. ಬೇಕಾದವರು ತಮ್ಮ ಪ್ರೋಗ್ರಾಂ ಟೇಪಿಗೆ ಅದನ್ನು ಸೇರಿಸಿಕೊಳ್ಳುತ್ತಿದ್ದರು. ಆಗ ಒಂದು ಪ್ರಶ್ನೆ ಎದ್ದಿತು. ಆ ತುಂಡು ತನ್ನ ಕೆಲಸ ಮುಗಿಸಿದ ಮೇಲೆ ಎಲ್ಲಿಗೆ ವಾಪಸ್ ಹೋಗಬೇಕು? ಕರೆದ ಜಾಗ ಪ್ರತಿ ಸಲ ಬೇರೆ ಬೇರೆ ಇರುತ್ತದಲ್ಲ. ಡೇವಿಡ್ ವೀಲರ್ ಇದಕ್ಕೊಂದು ದಾರಿ ಕಂಡುಹಿಡಿದರು: ಕರೆಯುವಾಗಲೇ ವಾಪಸ್ ಬರಬೇಕಾದ ವಿಳಾಸವನ್ನೂ ಜೊತೆಗೆ ಕೊಟ್ಟು ಕಳಿಸುವುದು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1970ರ ದಶಕದ ಶುರುವಿನಲ್ಲಿ ಸಿ ಭಾಷೆ ರೂಪಿಸಿದರು. ಸಿ ಪ್ರೋಗ್ರಾಮಿನಲ್ಲಿ ಕೆಲಸ ನಡೆಯುವುದೆಲ್ಲ ಫಂಕ್ಷನ್ ಒಳಗೇ. ಮೇನ್ ಕೂಡ ಒಂದು ಫಂಕ್ಷನ್ನೇ, ಪ್ರೋಗ್ರಾಂ ಶುರುವಾಗುವುದು ಅಲ್ಲಿಂದ ಅನ್ನುವುದಷ್ಟೇ ಅದರ ವಿಶೇಷ. ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್ ಕೂಡ ಫಂಕ್ಷನ್‌ಗಳೇ. ಅಂದರೆ ಮೊದಲ ದಿನ ಬರೆದ ಪ್ರೋಗ್ರಾಮಿನಲ್ಲೇ ನೀವು ಒಂದು ಫಂಕ್ಷನ್ ಬರೆದಿದ್ದೀರಿ, ಇನ್ನೊಂದನ್ನು ಕರೆದಿದ್ದೀರಿ.

## ಕರೆಂಟ್ ಬಿಲ್ ಲೆಕ್ಕ

ಕರ್ನಾಟಕದ ಎಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ಬಹಳ ಜನ ಮಾಡಿರುವ ಒಂದು ಪ್ರೋಗ್ರಾಂ ಇದೆ. ಮೊದಲ 200 ಯೂನಿಟ್‌ಗೆ ಯೂನಿಟ್‌ಗೆ 80 ಪೈಸೆ, ಮುಂದಿನ 100 ಯೂನಿಟ್‌ಗೆ 90 ಪೈಸೆ, 300 ದಾಟಿದ ಮೇಲೆ ಯೂನಿಟ್‌ಗೆ 1 ರೂಪಾಯಿ. ಇದರ ಮೇಲೆ 100 ರೂಪಾಯಿ ಮೀಟರ್ ಚಾರ್ಜ್. ಒಟ್ಟು 400 ರೂಪಾಯಿ ಮೀರಿದರೆ ಶೇ 15 ಸರ್ಚಾರ್ಜ್. ಈಗ ಮನೆಗೆ ಬರುವ ಬಿಲ್ಲಿಗೂ ಈ ದರಕ್ಕೂ ಸಂಬಂಧ ಇಲ್ಲ, ಆದರೆ ಫಂಕ್ಷನ್ ಕಲಿಯಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ. ಅದನ್ನು ಫಂಕ್ಷನ್ ಆಗಿ ಬರೆದರೆ ಹೀಗಿರುತ್ತದೆ:

```
ಡಬಲ್ ಬಿಲ್_ಲೆಕ್ಕ(ಇಂಟ್ ಯೂನಿಟ್)
{
    ಡಬಲ್ ಮೊತ್ತ;

    ಇಫ್ (ಯೂನಿಟ್ <= 200)
        ಮೊತ್ತ = ಯೂನಿಟ್ * 0.80;
    ಎಲ್ಸ್ ಇಫ್ (ಯೂನಿಟ್ <= 300)
        ಮೊತ್ತ = 160 + (ಯೂನಿಟ್ - 200) * 0.90;
    ಎಲ್ಸ್
        ಮೊತ್ತ = 250 + (ಯೂನಿಟ್ - 300) * 1.00;

    ಮೊತ್ತ = ಮೊತ್ತ + 100;
    ಇಫ್ (ಮೊತ್ತ > 400)
        ಮೊತ್ತ = ಮೊತ್ತ + ಮೊತ್ತ * 0.15;

    ರಿಟರ್ನ್ ಮೊತ್ತ;
}

ಇಂಟ್ ಮೇನ್(ವಾಯ್ಡ್)
{
    ಡಬಲ್ ಒಟ್ಟು = ಬಿಲ್_ಲೆಕ್ಕ(400);
    ಪ್ರಿಂಟ್‌ಎಫ್("%.2ಎಫ್\ಎನ್", ಒಟ್ಟು);
    ರಿಟರ್ನ್ 0;
}
```

ಮೊದಲ ಸಾಲಿನಲ್ಲೇ ಮೂರು ವಿಷಯ ಇವೆ. ನಡುವೆ ಇರುವ ಬಿಲ್_ಲೆಕ್ಕ ಫಂಕ್ಷನ್ನಿನ ಹೆಸರು. ಬ್ರಾಕೆಟ್ ಒಳಗಿನ ಯೂನಿಟ್ ಪ್ಯಾರಾಮೀಟರ್, ಅಂದರೆ ಹೊರಗಿನಿಂದ ಒಳಗೆ ಬರುವ ಮಾಹಿತಿಗೆ ಕಾದಿರಿಸಿದ ಜಾಗ. ಮುಂದಿರುವ ಡಬಲ್ ರಿಟರ್ನ್ ಟೈಪ್, ಅಂದರೆ ಹೊರಗೆ ಹೋಗುವ ಉತ್ತರ ಯಾವ ಬಗೆಯದು ಅನ್ನುವುದು. ಇಲ್ಲಿ ಪೈಸೆ ಇರುವುದರಿಂದ ದಶಾಂಶ ಇಟ್ಟುಕೊಳ್ಳುವ ಡಬಲ್ ಬೇಕು. ಅದರ ಬದಲು ಇಂಟ್ ಎಂದು ಬರೆದುಬಿಟ್ಟರೆ 517.50 ಬರಬೇಕಾದ ಕಡೆ 517 ಹೊರಗೆ ಹೋಗುತ್ತದೆ. ಸಾಮಾನ್ಯವಾಗಿ ಕಂಪೈಲರ್ ಒಂದು ಮಾತೂ ಹೇಳುವುದಿಲ್ಲ, 50 ಪೈಸೆ ಸುಮ್ನೆ ಬಿದ್ದುಹೋಗುತ್ತದೆ.

ಮೇನ್ ಒಳಗೆ ಕೊಟ್ಟ 400 ಆರ್ಗ್ಯುಮೆಂಟ್. ಪ್ಯಾರಾಮೀಟರ್, ಆರ್ಗ್ಯುಮೆಂಟ್ ಎರಡೂ ಒಂದೇ ಎಂಬಂತೆ ಹಲವರು ಮಾತಾಡುತ್ತಾರೆ. ಜಾಗದ ಹೆಸರು ಪ್ಯಾರಾಮೀಟರ್, ಆ ಜಾಗಕ್ಕೆ ಈ ಸಲ ಹೋದ ಬೆಲೆ ಆರ್ಗ್ಯುಮೆಂಟ್. ವೈವಾದಲ್ಲಿ ಕೇಳುತ್ತಾರೆ ಎಂದಷ್ಟೇ ಅಲ್ಲ, ಇವೆರಡೂ ಬೇರೆ ಬೇರೆ ಎಂಬುದೇ ಮುಂದಿನ ಎಲ್ಲದಕ್ಕೂ ಆಧಾರ.

400 ಯೂನಿಟ್‌ಗೆ ಲೆಕ್ಕ ಹಾಕಿ ನೋಡಿ. 250ಕ್ಕೆ 100 ಸೇರಿ 350, ಮೀಟರ್ ಚಾರ್ಜ್ ಸೇರಿ 450. ಅದು 400 ದಾಟಿದ್ದರಿಂದ 67.50 ಸರ್ಚಾರ್ಜ್. ಒಟ್ಟು 517.50.

ಇದನ್ನೇ ಮೇನ್ ಒಳಗೆ ನೇರ ಬರೆದರೂ ಉತ್ತರ ಬರುತ್ತಿತ್ತಲ್ಲ, ಫಂಕ್ಷನ್ ಯಾಕೆ? 30 ಮನೆಗಳ ಬಿಲ್ ಹಾಕಬೇಕಾದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ಬರೆಯಬೇಕಿಲ್ಲ ಅನ್ನುವುದು ಎಲ್ಲರೂ ಹೇಳುವ ಕಾರಣ. ಅದು ನಿಜ. ಆದರೆ ಲೂಪ್ ಹಾಕಿದರೂ ಆ ಕೆಲಸ ಆಗುತ್ತದೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಲಾಭ, ಈ ಲೆಕ್ಕವನ್ನು ಒಂಟಿಯಾಗಿ ಪರೀಕ್ಷೆ ಮಾಡಬಹುದು ಅನ್ನುವುದು. ಮೇನ್‌ನಲ್ಲಿ 200, 201, 300, 301 ಎಂದು ಅಂಚಿನ ಸಂಖ್ಯೆಗಳನ್ನು ಕೊಟ್ಟು ಕರೆಯಿರಿ. ಹಾಗೇ 350 ಕೊಡಿ. ಸರಿಯಾಗಿ 400 ರೂಪಾಯಿ ಬರುತ್ತದೆ, ಸರ್ಚಾರ್ಜ್ ಇಲ್ಲ. ಈಗ 351 ಕೊಡಿ. 401 ಆಗಿ, ಸರ್ಚಾರ್ಜ್ ಸೇರಿ 461.15. ಒಂದೇ ಯೂನಿಟ್ ಜಾಸ್ತಿ ಆಗಿದ್ದಕ್ಕೆ ಬಿಲ್ 61 ರೂಪಾಯಿ ಏರಿತು. ನೀವು > ಹಾಕುವ ಕಡೆ >= ಹಾಕಿದ್ದರೆ 350ಕ್ಕೇ 460 ಬಂದುಬಿಡುತ್ತಿತ್ತು. ಫಂಕ್ಷನ್ ಬೇರೆ ಇದ್ದಾಗ ಇಂಥ ತಪ್ಪು ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

## ತೋರಿಸುವುದು ಬೇರೆ, ಕೊಡುವುದು ಬೇರೆ

ಹೊಸದಾಗಿ ಕಲಿಯುವವರು ಬಿಲ್_ಲೆಕ್ಕದ ಕೊನೆಯಲ್ಲಿ ರಿಟರ್ನ್ ಬದಲು ಪ್ರಿಂಟ್‌ಎಫ್ ಹಾಕುವುದುಂಟು. ಪರದೆ ಮೇಲೆ 517.50 ಕಾಣಿಸುತ್ತದೆ, ಹಾಗಾಗಿ ಕೆಲಸ ಆಯಿತು ಅನ್ನಿಸುತ್ತದೆ. ಆದರೆ ಪರದೆಗೆ ಹೋದ ಸಂಖ್ಯೆ ಮೇನ್‌ಗೆ ಸಿಗುವುದಿಲ್ಲ. ಎರಡು ಮನೆಗಳ ಬಿಲ್ ಕೂಡಿಸಬೇಕು ಅಂದರೆ ಆಗ ದಾರಿ ಇಲ್ಲ. ರಿಟರ್ನ್ ಮಾಡಿದರೆ ಉತ್ತರ ಕರೆದವರ ಕೈಗೆ ಬರುತ್ತದೆ. ಆಮೇಲೆ ಅದನ್ನು ಕೂಡಿಸಬಹುದು, ಹೋಲಿಸಬಹುದು, ಅಚ್ಚೂ ಮಾಡಬಹುದು:

```
ಡಬಲ್ ಎರಡೂ = ಬಿಲ್_ಲೆಕ್ಕ(250) + ಬಿಲ್_ಲೆಕ್ಕ(400);
```

ಇಲ್ಲಿ ಮೊದಲನೆಯದು 305, ಎರಡನೆಯದು 517.50, ಕೂಡಿದರೆ 822.50. ಬಿಲ್_ಲೆಕ್ಕ(250) ಎಂದು ಬರೆದ ಜಾಗದಲ್ಲಿ ಕೊನೆಗೆ 305 ಎಂಬ ಸಂಖ್ಯೆ ಬಂದು ಕೂರುತ್ತದೆ. ಫಂಕ್ಷನ್ ಕರೆಯನ್ನು ಹೀಗೆ ಓದಲು ರೂಢಿ ಮಾಡಿಕೊಂಡರೆ ಎಷ್ಟೋ ದೊಡ್ಡ ಸಾಲುಗಳೂ ಸಲೀಸಾಗಿ ಅರ್ಥವಾಗುತ್ತವೆ.

ರಿಟರ್ನ್ ಬಂದ ಕೂಡಲೇ ಫಂಕ್ಷನ್ ಅಲ್ಲಿಗೇ ಮುಗಿಯಿತು. ಅದರ ಕೆಳಗೆ ಸಾಲುಗಳಿದ್ದರೂ ಅವು ಓಡುವುದಿಲ್ಲ. ವಾಪಸ್ ಕೊಡಲು ಏನೂ ಇಲ್ಲದ ಫಂಕ್ಷನ್ನಿಗೆ ರಿಟರ್ನ್ ಟೈಪ್ ವಾಯ್ಡ್. ಪ್ರಿಂಟ್‌ಎಫ್ ಅಂಥದ್ದು ಅಂದುಕೊಳ್ಳಬಹುದು, ಆದರೆ ಅಲ್ಲ. ತಾನು ಎಷ್ಟು ಅಕ್ಷರ ಅಚ್ಚು ಮಾಡಿದೆ ಎಂಬ ಸಂಖ್ಯೆಯನ್ನು ಅದು ವಾಪಸ್ ಕೊಡುತ್ತದೆ, ನಾವು ಯಾರೂ ತೆಗೆದುಕೊಳ್ಳುವುದಿಲ್ಲ ಅಷ್ಟೇ. ಮೇನ್ ಕೊಡುವ 0 ಹೋಗುವುದು ಆಪರೇಟಿಂಗ್ ಸಿಸ್ಟಮ್ಮಿಗೆ. ಎಲ್ಲ ಸರಿಯಾಗಿ ಮುಗಿಯಿತು ಎಂದು ಅದರ ಅರ್ಥ.

## ಕಂಪೈಲರ್ ಮೇಲಿನಿಂದ ಕೆಳಕ್ಕೆ ಓದುತ್ತದೆ

ಮೇಲಿನ ಪ್ರೋಗ್ರಾಮಿನಲ್ಲಿ ಬಿಲ್_ಲೆಕ್ಕ ಮೊದಲು, ಮೇನ್ ಆಮೇಲೆ ಇದೆ. ತಿರುಗಿಸಿ ಬರೆದರೆ? ಕಂಪೈಲರ್ ಮೇನ್ ಓದುವಾಗ ಬಿಲ್_ಲೆಕ್ಕ ಅಂದರೆ ಏನೆಂದು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಮೇಲೆ ಒಂದು ಸಾಲು ಮುಂಚಿತವಾಗಿ ಹೇಳಬೇಕು:

```
ಡಬಲ್ ಬಿಲ್_ಲೆಕ್ಕ(ಇಂಟ್ ಯೂನಿಟ್);
```

ಇದಕ್ಕೆ ಪ್ರೊಟೊಟೈಪ್ ಎನ್ನುತ್ತಾರೆ. ಕೊನೆಗೆ ಸೆಮಿಕೋಲನ್ ಇದೆ, ಒಳಗಿನ ಕೆಲಸ ಇಲ್ಲ. ಇಂಥ ಹೆಸರಿನ ಫಂಕ್ಷನ್ ಇದೆ, ಒಂದು ಇಂಟ್ ತೆಗೆದುಕೊಳ್ಳುತ್ತದೆ, ಡಬಲ್ ಕೊಡುತ್ತದೆ ಎಂದು ತಿಳಿಸುವುದಷ್ಟೇ ಇದರ ಕೆಲಸ. ಕಂಪೈಲರ್‌ಗೆ ಅಷ್ಟು ಸಾಕು.

ಪ್ರೋಗ್ರಾಮಿನ ತಲೆಯಲ್ಲಿ ಎಸ್‌ಟಿಡಿಐಒ ಡಾಟ್ ಎಚ್ ಎಂಬ ಹೆಡರ್ ಫೈಲ್ ಸೇರಿಸುವುದೂ ಇದಕ್ಕೇ. ಅದರೊಳಗೆ ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್‌ಗಳ ಪ್ರೊಟೊಟೈಪ್ ಇದೆ. ಅವುಗಳ ನಿಜವಾದ ಕೆಲಸ ಲೈಬ್ರರಿಯಲ್ಲಿ ಬೇರೆ ಇದೆ. ಕಂಪೈಲ್ ಆದ ಮೇಲೆ ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಂ ಬಂದು ನಿಮ್ಮ ಕರೆಯನ್ನೂ ಲೈಬ್ರರಿಯಲ್ಲಿರುವ ಫಂಕ್ಷನ್ನನ್ನೂ ಜೋಡಿಸುತ್ತದೆ. ಲಿನಕ್ಸ್‌ನಲ್ಲಿ ವರ್ಗಮೂಲದ ಫಂಕ್ಷನ್ ಬಳಸಿ, ಹೆಡರ್ ಸೇರಿಸಿಯೂ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬ ದೂರು ಬಂದರೆ ಅದು ಲಿಂಕರ್ ಹೇಳುತ್ತಿರುವ ಮಾತು. ಪ್ರೊಟೊಟೈಪ್ ಸಿಕ್ಕಿದೆ, ಕೆಲಸ ಎಲ್ಲಿದೆ ಎಂದು ಸಿಕ್ಕಿಲ್ಲ. ಕಂಪೈಲ್ ಮಾಡುವ ಸಾಲಿನ ಕೊನೆಗೆ ಗಣಿತದ ಲೈಬ್ರರಿ ಸೇರಿಸುವ ಮೈನಸ್ ಎಲ್‌ಎಂ ಹಾಕಿದರೆ ಸರಿಹೋಗುತ್ತದೆ.

ಹಳೆಯ ಪುಸ್ತಕದ ಪ್ರೋಗ್ರಾಂಗಳು ಈಗಿನ ಕಂಪೈಲರ್‌ನಲ್ಲಿ ಓಡದಿರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಮೊದಲೆಲ್ಲ ಪ್ರೊಟೊಟೈಪ್ ಇಲ್ಲದಿದ್ದರೆ, ಈ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ಕಂಪೈಲರ್ ತಾನೇ ಊಹೆ ಮಾಡಿಕೊಳ್ಳುತ್ತಿತ್ತು. 1999ರ ಸಿ ಮಾನದಂಡ ಈ ಊಹೆಯನ್ನು ತೆಗೆದುಹಾಕಿತು. ಆದರೂ ಕಂಪೈಲರ್‌ಗಳು ಬಹಳ ಕಾಲ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದವು. 2024ರಲ್ಲಿ ಬಂದ ಜಿಸಿಸಿ 14ರಿಂದ ಅದು ನೇರವಾಗಿ ಎರರ್. ಇದು ಒಳ್ಳೆಯದೇ ಆಯಿತು. ಡಬಲ್ ಕೊಡುವ ಫಂಕ್ಷನ್ನನ್ನು ಇಂಟ್ ಎಂದು ಊಹಿಸಿ ತಪ್ಪು ಉತ್ತರ ಕೊಡುವುದಕ್ಕಿಂತ ಮೊದಲೇ ನಿಲ್ಲಿಸುವುದು ವಾಸಿ.

## ಕರೆದ ಮೇಲೆ ಮೆಮೊರಿಯಲ್ಲಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇನ್ ಓಡುತ್ತಿದೆ, ಬಿಲ್_ಲೆಕ್ಕ(400) ಬಂತು. ಏನಾಗುತ್ತದೆ?

ಪ್ರೋಗ್ರಾಂ ಓಡುವಾಗ ಅದಕ್ಕೆ ಸ್ಟ್ಯಾಕ್ ಎಂಬ ಮೆಮೊರಿ ಭಾಗ ಸಿಕ್ಕಿರುತ್ತದೆ. ಫಂಕ್ಷನ್ ಕರೆದಾಗಲೆಲ್ಲ ಅದರಲ್ಲಿ ಹೊಸ ತುಂಡು ಜಾಗ ತೆಗೆದಿಡಲಾಗುತ್ತದೆ. ಈ ತುಂಡಿಗೆ ಫ್ರೇಮ್ ಎಂದು ಹೆಸರು. ಬಿಲ್_ಲೆಕ್ಕದ ಫ್ರೇಮಿನಲ್ಲಿ ಯೂನಿಟ್ ಎಂಬ ಪ್ಯಾರಾಮೀಟರ್‌ಗೆ ಜಾಗ ಇರುತ್ತದೆ, ಅಲ್ಲಿಗೆ 400 ನಕಲಾಗುತ್ತದೆ. ಮೊತ್ತ ಎಂಬ ವೇರಿಯಬಲ್‌ಗೆ ಜಾಗ ಇರುತ್ತದೆ, ಅದರಲ್ಲಿ ಇನ್ನೂ ಏನೂ ತುಂಬಿಲ್ಲ. ಕೆಲಸ ಮುಗಿದ ಮೇಲೆ ಮೇನ್‌ನಲ್ಲಿ ಎಲ್ಲಿಗೆ ವಾಪಸ್ ಹೋಗಬೇಕು ಎಂಬ ವಿಳಾಸವೂ ಇರುತ್ತದೆ. ಕೇಂಬ್ರಿಡ್ಜ್‌ನಲ್ಲಿ ವೀಲರ್ ಬಿಡಿಸಿದ ಪ್ರಶ್ನೆ ಇದೇ ಅಲ್ವಾ? ಈಗಿನ ಪ್ರೊಸೆಸರ್‌ಗಳಲ್ಲಿ ಮೊದಲ ಕೆಲವು ಆರ್ಗ್ಯುಮೆಂಟ್‌ಗಳು ಸ್ಟ್ಯಾಕ್ ಮುಟ್ಟದೆ ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳ ಮೂಲಕವೇ ಹೋಗುವುದುಂಟು. ಆದರೆ ಅರ್ಥ ಮಾಡಿಕೊಳ್ಳಲು ಈ ಚಿತ್ರ ಸಾಕು.

ರಿಟರ್ನ್ ಬಂದಾಗ ಉತ್ತರ ಮೇನ್‌ಗೆ ಹೋಗುತ್ತದೆ, ಫ್ರೇಮ್ ಬಿಟ್ಟುಕೊಡಲಾಗುತ್ತದೆ. ಯೂನಿಟ್, ಮೊತ್ತ ಎರಡೂ ಆ ಹೊತ್ತಿಗೆ ಇಲ್ಲ. ಮುಂದಿನ ಸಲ ಕರೆದರೆ ಹೊಸ ಫ್ರೇಮ್, ಹೊಸ ಯೂನಿಟ್, ಹೊಸ ಮೊತ್ತ.

ಇಷ್ಟರಿಂದಲೇ ಎಷ್ಟೋ ವಿಷಯ ತಾನಾಗಿ ತಿಳಿಯುತ್ತದೆ. ಮೇನ್ ಒಳಗೆ ನಿಂತು ಮೊತ್ತ ಎಂದು ಬರೆದರೆ ಕಂಪೈಲರ್ ಯಾಕೆ ಒಪ್ಪುವುದಿಲ್ಲ? ಅದು ಬಿಲ್_ಲೆಕ್ಕದ ಒಳಗಿನ ಹೆಸರು, ಆಚೆ ಅದಕ್ಕೆ ಬೆಲೆ ಇಲ್ಲ. ಎರಡು ಫಂಕ್ಷನ್‌ಗಳಲ್ಲಿ ಒಂದೇ ಹೆಸರಿನ ವೇರಿಯಬಲ್ ಇದ್ದರೂ ಯಾಕೆ ಗೊಂದಲ ಆಗುವುದಿಲ್ಲ? ಎರಡೂ ಬೇರೆ ಬೇರೆ ಫ್ರೇಮಿನಲ್ಲಿವೆ. ಬೆಲೆ ಕೊಡದ ವೇರಿಯಬಲ್ಲಿನಲ್ಲಿ ಯಾಕೆ ಕೆಲಸಕ್ಕೆ ಬಾರದ ಸಂಖ್ಯೆ ಕಾಣುತ್ತದೆ? ಹಿಂದೆ ಆ ಜಾಗದಲ್ಲಿ ಇದ್ದುದನ್ನು ಯಾರೂ ಒರೆಸಿರುವುದಿಲ್ಲ.

## ಝೆರಾಕ್ಸ್ ಮತ್ತು ಅಸಲು

ಈಗ ಆ ಪ್ರಸಿದ್ಧ ಅದಲುಬದಲು ಪ್ರೋಗ್ರಾಂ ನೋಡಿ:

```
ವಾಯ್ಡ್ ಅದಲುಬದಲು(ಇಂಟ್ ಎ, ಇಂಟ್ ಬಿ)
{
    ಇಂಟ್ ಹಳೆಯದು = ಎ;
    ಎ = ಬಿ;
    ಬಿ = ಹಳೆಯದು;
}
```

ಮೇನ್‌ನಲ್ಲಿ ಎಕ್ಸ್ 5, ವೈ 9. ಅದಲುಬದಲು(ಎಕ್ಸ್, ವೈ) ಎಂದು ಕರೆದು, ಆಮೇಲೆ ಅಚ್ಚು ಮಾಡಿದರೆ ಮತ್ತೆ 5, 9. ಫಂಕ್ಷನ್ ಕೆಲಸ ಮಾಡಲಿಲ್ಲವೇ? ಮಾಡಿತು. ಅದರ ಒಳಗೇ ಕೊನೆಗೆ ಒಂದು ಪ್ರಿಂಟ್‌ಎಫ್ ಹಾಕಿದರೆ ಎ 9, ಬಿ 5 ಎಂದು ಬರುತ್ತದೆ.

ಯಾವುದೋ ಅರ್ಜಿಗೆ ನಿಮ್ಮ ಅಂಕಪಟ್ಟಿಯ ಝೆರಾಕ್ಸ್ ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ಪ್ರತಿಯ ಮೇಲೆ ಅವರು ಏನು ಗೀಚಿದರೂ ಮನೆಯಲ್ಲಿರುವ ಅಸಲಿಗೆ ಏನೂ ಆಗುವುದಿಲ್ಲ. ಸಿ ಭಾಷೆಯಲ್ಲಿ ಫಂಕ್ಷನ್ನಿಗೆ ಹೋಗುವುದು ಯಾವಾಗಲೂ ಝೆರಾಕ್ಸ್. ಎಕ್ಸ್‌ನಲ್ಲಿದ್ದ 5 ಎ ಎಂಬ ಹೊಸ ಜಾಗಕ್ಕೆ, ವೈನಲ್ಲಿದ್ದ 9 ಬಿ ಎಂಬ ಹೊಸ ಜಾಗಕ್ಕೆ ನಕಲಾದವು. ಫಂಕ್ಷನ್ ತನ್ನ ಪ್ರತಿಗಳನ್ನು ಅದಲುಬದಲು ಮಾಡಿತು, ರಿಟರ್ನ್ ಆಯಿತು, ಫ್ರೇಮಿನ ಜೊತೆ ಪ್ರತಿಗಳೂ ಹೋದವು. ಎಕ್ಸ್, ವೈ ತಮ್ಮ ಜಾಗದಲ್ಲಿ ಹಾಗೇ ಇವೆ.

ಅಸಲನ್ನೇ ತಿದ್ದಿಸಬೇಕು ಅಂದರೆ ಅಸಲು ಎಲ್ಲಿದೆ ಎಂದು ಹೇಳಬೇಕು. ಪ್ರತಿಯೊಂದು ವೇರಿಯಬಲ್ಲಿಗೂ ಮೆಮೊರಿಯಲ್ಲಿ ವಿಳಾಸ ಇರುತ್ತದೆ. ಎಕ್ಸ್‌ನ ವಿಳಾಸ ಬೇಕಾದರೆ &ಎಕ್ಸ್ ಎಂದು ಬರೆಯುತ್ತೇವೆ. ವಿಳಾಸ ಇಟ್ಟುಕೊಳ್ಳುವ ವೇರಿಯಬಲ್ಲಿಗೆ ಪಾಯಿಂಟರ್ ಎನ್ನುತ್ತಾರೆ, ಅದನ್ನು * ಹಾಕಿ ಘೋಷಿಸುತ್ತೇವೆ. ಆ ವಿಳಾಸಕ್ಕೆ ಹೋಗಿ ಅಲ್ಲಿರುವುದನ್ನು ಓದಲು ಅಥವಾ ಬದಲಾಯಿಸಲು ಕೂಡ ಅದೇ * ಚಿಹ್ನೆ.

```
ವಾಯ್ಡ್ ಅದಲುಬದಲು(ಇಂಟ್ *ಎ, ಇಂಟ್ *ಬಿ)
{
    ಇಂಟ್ ಹಳೆಯದು = *ಎ;
    *ಎ = *ಬಿ;
    *ಬಿ = ಹಳೆಯದು;
}
```

ಕರೆಯುವುದು ಅದಲುಬದಲು(&ಎಕ್ಸ್, &ವೈ) ಎಂದು. ಈ ಸಲ ಎಕ್ಸ್ 9, ವೈ 5 ಆಗುತ್ತದೆ. ಇಲ್ಲೂ ಫಂಕ್ಷನ್ನಿಗೆ ಹೋಗಿದ್ದು ನಕಲೇ, ವಿಳಾಸದ ನಕಲು. ಆದರೆ ವಿಳಾಸವನ್ನು ನಕಲು ಮಾಡಿದರೂ ಅದು ತೋರಿಸುವ ಮನೆ ಅದೇ ತಾನೇ.

ಸ್ಕ್ಯಾನ್‌ಎಫ್‌ನ & ಈಗ ಬಿಡಿಸಿದಂತಾಯಿತು. ನೀವು ಕೀಬೋರ್ಡಿನಲ್ಲಿ ಒತ್ತಿದ ಸಂಖ್ಯೆಯನ್ನು ಸ್ಕ್ಯಾನ್‌ಎಫ್ ನಿಮ್ಮ ವೇರಿಯಬಲ್ ಒಳಗೆ ಇಡಬೇಕು, ಅಂದರೆ ಅಸಲನ್ನು ಬದಲಾಯಿಸಬೇಕು. ಅದಕ್ಕೆ ವಿಳಾಸ ಬೇಕೇ ಬೇಕು. ಪ್ರಿಂಟ್‌ಎಫ್ ಬೆಲೆ ನೋಡಿ ಅಚ್ಚು ಮಾಡುತ್ತದೆ, ಅದಕ್ಕೆ ನಕಲು ಸಾಕು. & ಮರೆತು ಸ್ಕ್ಯಾನ್‌ಎಫ್ ಕರೆದರೆ ಅದು ವೇರಿಯಬಲ್ಲಿನಲ್ಲಿರುವ ಸಂಖ್ಯೆಯನ್ನೇ ವಿಳಾಸ ಎಂದು ತಿಳಿದು ಅಲ್ಲಿಗೆ ಬರೆಯಲು ಹೋಗುತ್ತದೆ. ಪ್ರೋಗ್ರಾಂ ಸೆಗ್ಮೆಂಟೇಷನ್ ಫಾಲ್ಟ್ ಎಂದು ಅರ್ಧಕ್ಕೆ ಸಾಯುವುದು ಬಹಳ ಸಲ ಇದರಿಂದಲೇ.

ಹಾಗಾದರೆ ಹೆಸರು ಓದಿಸುವಾಗ, ಅಂದರೆ ಅಕ್ಷರಗಳ ಅರೇಗೆ (ಒಂದೇ ಬಗೆಯ ಬೆಲೆಗಳನ್ನು ಸಾಲಾಗಿ ಇಡುವ ಮನೆಗಳಿಗೆ), & ಯಾಕೆ ಹಾಕುವುದಿಲ್ಲ? ಅರೇಯ ಹೆಸರನ್ನು ಫಂಕ್ಷನ್ನಿಗೆ ಕೊಟ್ಟರೆ ಅದರ ಮೊದಲ ಮನೆಯ ವಿಳಾಸವೇ ಹೋಗುತ್ತದೆ, ಇಡೀ ಅರೇ ನಕಲಾಗುವುದಿಲ್ಲ. ಆದ್ದರಿಂದ ಫಂಕ್ಷನ್ ಒಳಗೆ ಅರೇಯ ಬೆಲೆ ಬದಲಾಯಿಸಿದರೆ ಅಸಲೇ ಬದಲಾಗುತ್ತದೆ. ಇದರಿಂದ ಇನ್ನೊಂದು ತೊಡಕೂ ಇದೆ. 12 ತಿಂಗಳ ಯೂನಿಟ್‌ಗಳ ಇಂಟ್ ಅರೇ ಮಾಡಿ ಮೇನ್‌ನಲ್ಲಿ ಅದರ ಅಳತೆ ಹೇಳುವ ಸೈಜ್‌ಆಫ್ ಕೇಳಿದರೆ, ಇಂಟ್ 4 ಬೈಟ್ ಇರುವ ಕಂಪ್ಯೂಟರಿನಲ್ಲಿ 48 ಬರುತ್ತದೆ. ಅದನ್ನೇ ಫಂಕ್ಷನ್ನಿಗೆ ಕೊಟ್ಟು ಒಳಗೆ ಕೇಳಿದರೆ 64 ಬಿಟ್ ಕಂಪ್ಯೂಟರಿನಲ್ಲಿ 8. ಒಳಗೆ ಬಂದದ್ದು ವಿಳಾಸ ಮಾತ್ರ, ಅದರ ಅಳತೆ 8 ಬೈಟ್. ಹಾಗಾಗಿ ಅರೇ ಕೊಡುವಾಗ ಎಷ್ಟು ಮನೆ ಇವೆ ಎಂಬುದನ್ನೂ ಬೇರೆ ಪ್ಯಾರಾಮೀಟರ್ ಆಗಿ ಕೊಡುವುದು ರೂಢಿ.

ವಿಳಾಸ ವಾಪಸ್ ಕೊಡುವಾಗ ಮಾತ್ರ ಹುಷಾರು. ಫಂಕ್ಷನ್ ಒಳಗಿನ ವೇರಿಯಬಲ್ಲಿನ ವಿಳಾಸವನ್ನು ರಿಟರ್ನ್ ಮಾಡಬಾರದು. ರಿಟರ್ನ್ ಆದ ಕೂಡಲೇ ಆ ಫ್ರೇಮ್ ಇರುವುದಿಲ್ಲ. ಕೆಲವು ಸಲ ಹಳೆಯ ಬೆಲೆ ಅಲ್ಲೇ ಉಳಿದಿದ್ದು ಪ್ರೋಗ್ರಾಂ ಸರಿಯಾಗಿದೆ ಅನ್ನಿಸಿಬಿಡುತ್ತದೆ. ಇನ್ನೊಂದು ಫಂಕ್ಷನ್ ಕರೆದ ಮೇಲೆ ಅದೇ ಜಾಗದಲ್ಲಿ ಬೇರೇನೋ ಇರುತ್ತದೆ.

## ತನ್ನನ್ನು ತಾನೇ ಕರೆಯುವ ಫಂಕ್ಷನ್

ಪ್ರತಿ ಕರೆಗೂ ಹೊಸ ಫ್ರೇಮ್ ಅಂದ ಮೇಲೆ, ಒಂದು ಫಂಕ್ಷನ್ ತನ್ನನ್ನೇ ಕರೆದುಕೊಂಡರೂ ತೊಂದರೆ ಇಲ್ಲ. ಇದಕ್ಕೆ ರಿಕರ್ಷನ್ ಎಂದು ಹೆಸರು. 1ರಿಂದ ಎನ್ ವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿದರೆ ಬರುವ ಫ್ಯಾಕ್ಟೋರಿಯಲ್ ಕಂಡುಹಿಡಿಯುವ ಫಂಕ್ಷನ್ ಇದು:

```
ಇಂಟ್ ಫ್ಯಾಕ್ಟ್(ಇಂಟ್ ಎನ್)
{
    ಇಫ್ (ಎನ್ <= 1)
        ರಿಟರ್ನ್ 1;
    ರಿಟರ್ನ್ ಎನ್ * ಫ್ಯಾಕ್ಟ್(ಎನ್ - 1);
}
```

ಫ್ಯಾಕ್ಟ್(4) ಕರೆದರೆ ಅದು ಫ್ಯಾಕ್ಟ್(3)ರ ಉತ್ತರಕ್ಕೆ ಕಾಯುತ್ತದೆ, ಅದು ಫ್ಯಾಕ್ಟ್(2)ಕ್ಕೆ, ಅದು ಫ್ಯಾಕ್ಟ್(1)ಕ್ಕೆ. ಆ ಹೊತ್ತಿನಲ್ಲಿ ಸ್ಟ್ಯಾಕ್‌ನಲ್ಲಿ ಈ ಫಂಕ್ಷನ್ನಿನ ನಾಲ್ಕು ಫ್ರೇಮ್ ಇವೆ. ನಾಲ್ಕರಲ್ಲೂ ಎನ್ ಎಂಬ ಹೆಸರಿನ ಜಾಗ, ಆದರೆ ಬೆಲೆ 4, 3, 2, 1. ಕೊನೆಯದು 1 ಕೊಡುತ್ತದೆ, ಅದರ ಹಿಂದಿನದು 2, ಅದರ ಹಿಂದಿನದು 6, ಮೊದಲನೆಯದು 24. ಹೋದ ದಾರಿಯಲ್ಲೇ ವಾಪಸ್.

ಫ್ಯಾಕ್ಟ್(12) ಕೇಳಿದರೆ 479001600 ಸರಿಯಾಗಿ ಬರುತ್ತದೆ. 13 ಕೇಳಿ ನೋಡಿ. ಬರಬೇಕಾದ್ದು 6227020800, ಆದರೆ 4 ಬೈಟ್ ಇಂಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ಹಾಗಾಗಿ ಸಾಮಾನ್ಯವಾಗಿ 1932053504 ಎಂಬ ತಪ್ಪು ಉತ್ತರ ಕಾಣುತ್ತದೆ. ಇದು ರಿಕರ್ಷನ್ನಿನ ತಪ್ಪಲ್ಲ, ರಿಟರ್ನ್ ಟೈಪ್ ಸಾಲದೆ ಹೋಯಿತು. ಲಾಂಗ್ ಲಾಂಗ್ ಎಂದು ಬದಲಾಯಿಸಿದರೆ 20ರ ಫ್ಯಾಕ್ಟೋರಿಯಲ್‌ವರೆಗೂ ಹೋಗಬಹುದು.

ಎಲ್ಲಿ ನಿಲ್ಲಬೇಕು ಎಂದು ಹೇಳುವ ಇಫ್ ಸಾಲನ್ನು ತೆಗೆದರೆ ಫಂಕ್ಷನ್ ಕರೆಯುತ್ತಲೇ ಹೋಗುತ್ತದೆ. ಒಂದರ ಮೇಲೊಂದು ಫ್ರೇಮ್ ಬೀಳುತ್ತವೆ, ಒಂದೂ ಹೋಗುವುದಿಲ್ಲ. ಸ್ಟ್ಯಾಕ್‌ಗೆ ಮಿತಿ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿ, ವಿಂಡೋಸ್‌ನಲ್ಲಿ 1 ಎಂಬಿ. ಅದು ತುಂಬಿದ ಮೇಲೆ ಪ್ರೋಗ್ರಾಂ ಬೀಳುತ್ತದೆ. ಸ್ಟ್ಯಾಕ್ ಓವರ್‌ಫ್ಲೋ ಅನ್ನುವುದು ಇದಕ್ಕೇ.

ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ ಫಿಬೊನಾಚಿ ಸಂಖ್ಯೆಯನ್ನೂ ರಿಕರ್ಷನ್ನಿನಲ್ಲಿ ಬರೆಸುತ್ತಾರೆ:

```
ಇಂಟ್ ಫಿಬ್(ಇಂಟ್ ಎನ್)
{
    ಇಫ್ (ಎನ್ < 2)
        ರಿಟರ್ನ್ ಎನ್;
    ರಿಟರ್ನ್ ಫಿಬ್(ಎನ್ - 1) + ಫಿಬ್(ಎನ್ - 2);
}
```

ನೋಡಲು ಬಹಳ ಚೆಂದ. ಆದರೆ ಒಂದು ಕರೆಯಿಂದ ಎರಡು ಕರೆ, ಅವೆರಡರಿಂದ ನಾಲ್ಕು, ಹೀಗೆ ಹಬ್ಬುತ್ತದೆ. ಫಿಬ್(3) ಒಮ್ಮೆ ಕಂಡುಹಿಡಿದ ಮೇಲೂ ಬೇರೆ ಕೊಂಬೆಯಲ್ಲಿ ಮತ್ತೆ ಮೊದಲಿನಿಂದ ಕಂಡುಹಿಡಿಯುತ್ತದೆ, ಯಾಕೆಂದರೆ ಹಿಂದಿನ ಫ್ರೇಮ್ ತನ್ನ ಜೊತೆ ಎಲ್ಲವನ್ನೂ ತೆಗೆದುಕೊಂಡು ಹೋಗಿದೆ. ಫಿಬ್(40)ಕ್ಕೆ ಈ ಫಂಕ್ಷನ್ ಒಟ್ಟು 331160281 ಸಲ, ಅಂದರೆ 33 ಕೋಟಿಗೂ ಹೆಚ್ಚು ಸಲ ಕರೆಯಲ್ಪಡುತ್ತದೆ. ಇದೇ ಉತ್ತರ ಲೂಪ್‌ನಲ್ಲಿ 40ರ ಆಸುಪಾಸಿನ ಕೂಡಿಕೆಯಲ್ಲಿ ಸಿಗುತ್ತದೆ.

## ಕರೆಗಳನ್ನು ನೀವೇ ಎಣಿಸಿ

ಮೇಲಿನ ಸಂಖ್ಯೆಯನ್ನು ಸುಮ್ನೆ ನಂಬಬೇಕಿಲ್ಲ. ಎಣಿಸಿ ನೋಡಬಹುದು, ಅದರಲ್ಲೇ ವೇರಿಯಬಲ್ ಎಲ್ಲಿ ಇಡಬೇಕು ಎಂಬ ಪಾಠವೂ ಇದೆ.

ಫಿಬ್ ಒಳಗೆ ಇಂಟ್ ಎಣಿಕೆ = 0; ಎಂದು ಬರೆದು, ಕೆಳಗೆ ಎಣಿಕೆಯನ್ನು ಒಂದು ಏರಿಸಿದರೆ ಆಗುವುದಿಲ್ಲ. ಪ್ರತಿ ಕರೆಗೂ ಹೊಸ ಎಣಿಕೆ ಹುಟ್ಟಿ, ಒಂದಾಗಿ, ಹೋಗಿಬಿಡುತ್ತದೆ. ಅದರ ಮುಂದೆ ಸ್ಟ್ಯಾಟಿಕ್ ಎಂಬ ಪದ ಸೇರಿಸಿದರೆ ಆ ವೇರಿಯಬಲ್ ಫ್ರೇಮಿನಲ್ಲಿ ಇರುವುದಿಲ್ಲ, ಪ್ರೋಗ್ರಾಂ ಮುಗಿಯುವವರೆಗೂ ಇರುವ ಬೇರೆ ಜಾಗದಲ್ಲಿರುತ್ತದೆ. = 0 ಎಂಬುದು ಒಂದೇ ಸಲ ನಡೆಯುತ್ತದೆ, ಆಮೇಲೆ ಎಣಿಕೆ ಕರೆಯಿಂದ ಕರೆಗೆ ಉಳಿಯುತ್ತದೆ. ಆದರೆ ಹೆಸರು ಇನ್ನೂ ಫಿಬ್ ಒಳಗಿನದೇ, ಕೊನೆಯಲ್ಲಿ ಮೇನ್ ಅದನ್ನು ಓದಲಾಗದು.

ಎಲ್ಲ ಫಂಕ್ಷನ್‌ಗಳ ಹೊರಗೆ, ಮೇಲ್ಗಡೆ ಘೋಷಿಸಿದರೆ ಅದು ಗ್ಲೋಬಲ್ ವೇರಿಯಬಲ್. ಫಿಬ್ ಅದನ್ನು ಏರಿಸಬಹುದು, ಮೇನ್ ಓದಬಹುದು. ಯಾರು ಬೇಕಾದರೂ ಬದಲಾಯಿಸಬಹುದಾದ್ದರಿಂದ ದೊಡ್ಡ ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವಾಗುತ್ತದೆ. ಬಿಲ್_ಲೆಕ್ಕದಂಥ ಫಂಕ್ಷನ್ನಿಗೆ ಯೂನಿಟ್ ಅನ್ನು ಗ್ಲೋಬಲ್ ಮೂಲಕ ಕೊಡುವುದು ಬೇಡ, ಪ್ಯಾರಾಮೀಟರ್ ಇರುವುದೇ ಅದಕ್ಕೆ. ಹೀಗೆ ಎಣಿಸಿ ನೋಡುವ ಕೆಲಸಕ್ಕಾದರೆ ಗ್ಲೋಬಲ್ ಸರಿ.

```
ಇಂಟ್ ಎಣಿಕೆ = 0;

ಇಂಟ್ ಫಿಬ್(ಇಂಟ್ ಎನ್)
{
    ಎಣಿಕೆ++;
    ಇಫ್ (ಎನ್ < 2)
        ರಿಟರ್ನ್ ಎನ್;
    ರಿಟರ್ನ್ ಫಿಬ್(ಎನ್ - 1) + ಫಿಬ್(ಎನ್ - 2);
}
```

ಮೊದಲು ಮೇನ್‌ನಲ್ಲಿ ಫಿಬ್(5) ಕರೆದು, ಮುಂದಿನ ಸಾಲಿನಲ್ಲಿ ಎಣಿಕೆಯನ್ನು ಅಚ್ಚು ಮಾಡಿ. ಉತ್ತರ 5, ಎಣಿಕೆ 15 ಬರಬೇಕು. ಕಾಗದದ ಮೇಲೆ ಆ 15 ಕರೆಗಳನ್ನು ಬರೆದು, ಯಾವುದು ಯಾವುದನ್ನು ಕರೆಯಿತು ಎಂದು ಗೆರೆ ಎಳೆದು ನೋಡಿ. ಫಿಬ್(1) ಒಂದೇ ಐದು ಸಲ ಬಂದಿರುತ್ತದೆ. ಆಮೇಲೆ 5 ಇದ್ದ ಕಡೆ 40 ಹಾಕಿ ಓಡಿಸಿ.